ಅಮ್ಮಾನಿನಿಂದ ತಾಬಾದವರೆಗೆ, ಎರಡು ಒಪ್ಪಂದಗಳ ದಾರಿಯಲ್ಲಿ

ಮಂಗಳೂರು ಕಡೆಯ ಚರ್ಚ್‌ಗಳಲ್ಲಿ 'ಹೋಲಿ ಲ್ಯಾಂಡ್ ಟೂರ್' ಅಂದರೆ ಎಲ್ಲರಿಗೂ ಗೊತ್ತು. ಜೋರ್ಡಾನಿನ ಅಮ್ಮಾನಿನಲ್ಲಿ ಇಳಿಯುವುದು, ಸೇತುವೆ ದಾಟಿ ಜೆರುಸಲೇಮ್, ಬೆತ್ಲೆಹೇಮ್ ನೋಡುವುದು, ದಕ್ಷಿಣಕ್ಕೆ ಹೋಗಿ ತಾಬಾದಲ್ಲಿ ಇನ್ನೊಂದು ಗಡಿ ದಾಟಿ ಈಜಿಪ್ಟಿನ ಸಿನಾಯ್ ಮೂಲಕ ಕೈರೋ ಸೇರುವುದು. 2023ರ ಮಾರ್ಚ್ ಕೊನೆಯಲ್ಲಿ ನಾನೂ ಇಂಥ ಒಂದು ಗುಂಪಿನ ಜೊತೆ ಹೋದೆ. ಪ್ರಾರ್ಥನೆಯ ಜೊತೆಗೆ ನನಗೆ ಇನ್ನೊಂದು ಆಸೆಯಿತ್ತು. ಈ ದಾರಿ ನಿಂತಿರುವುದೇ ಎರಡು ಶಾಂತಿ ಒಪ್ಪಂದಗಳ ಮೇಲೆ. 1979ರಲ್ಲಿ ಈಜಿಪ್ಟ್, 1994ರಲ್ಲಿ ಜೋರ್ಡಾನ್ ಇಸ್ರೇಲ್ ಜೊತೆ ಸಹಿ ಹಾಕದೇ ಇದ್ದಿದ್ದರೆ ನಮ್ಮಂಥವರು ಇಷ್ಟು ಸಲೀಸಾಗಿ ಓಡಾಡಲು ಆಗುತ್ತಿರಲಿಲ್ಲ. ಆ ಶಾಂತಿ ನೆಲದ ಮೇಲೆ ಹೇಗಿದೆ ಅಂತ ಕಣ್ಣಾರೆ ನೋಡಬೇಕಿತ್ತು.

ಅಮ್ಮಾನಿನಲ್ಲಿ ರಂಜಾನ್ ಆಗಷ್ಟೇ ಶುರುವಾಗಿತ್ತು. ಹೋಟೆಲಿನ ಟಿವಿಯಲ್ಲಿ ಒಂದೇ ಸುದ್ದಿ. ಇಸ್ರೇಲಿನ ಹಣಕಾಸು ಸಚಿವ ಸ್ಮೋಟ್ರಿಚ್ ಪ್ಯಾರಿಸ್‌ನಲ್ಲಿ ಭಾಷಣ ಮಾಡಿದ್ದ ವೇದಿಕೆಗೆ ಒಂದು ನಕ್ಷೆ ಹಚ್ಚಿದ್ದರು, ಅದರಲ್ಲಿ ಜೋರ್ಡಾನ್ ಕೂಡ ಇಸ್ರೇಲಿನ ಭಾಗವಾಗಿತ್ತು. ಜೋರ್ಡಾನ್ ಇಸ್ರೇಲಿನ ರಾಯಭಾರಿಯನ್ನು ಕರೆಸಿ ಪ್ರತಿಭಟಿಸಿತ್ತು, ರಾಯಭಾರಿಯನ್ನು ಹೊರಗೆ ಹಾಕಿ ಅಂತ ಸಂಸತ್ತು ಕೇಳಿತ್ತು. ಆದರೆ ಆ ಟಿವಿಗೆ ಬರುವ ಕರೆಂಟನ್ನೇ ತಗೊಳ್ಳಿ. ಜೋರ್ಡಾನಿನ ವಿದ್ಯುತ್ತಿನ ದೊಡ್ಡ ಪಾಲು ಬರುವುದು ಇಸ್ರೇಲಿನ ಸಮುದ್ರದಡಿಯಿಂದ ತೆಗೆಯುವ ಲೆವಿಯಾಥನ್ ಗ್ಯಾಸ್‌ನಿಂದ. 2016ರ ಆ ಗ್ಯಾಸ್ ಒಪ್ಪಂದದ ವಿರುದ್ಧ ಜನ ಬೀದಿಗಿಳಿದಿದ್ದರು, ಗ್ಯಾಸ್ ಮಾತ್ರ 2020ರಲ್ಲಿ ಬಂದೇ ಬಂತು. ನೀರಿನ ಕಥೆಯೂ ಇದೇ. ನೀರಿಗೆ ತೀರಾ ಬರವಿರುವ ಈ ದೇಶ 2021ರಲ್ಲಿ ಇಸ್ರೇಲಿನಿಂದ ಇನ್ನೂ 5 ಕೋಟಿ ಘನ ಮೀಟರ್ ನೀರು ಕೊಳ್ಳಲು ಒಪ್ಪಿಕೊಂಡಿತ್ತು.

ಉತ್ತರದ ಉಮ್ ಕೈಸ್‌ಗೆ ಹೋದ ದಿನ ನನಗೆ ತುಂಬಾ ಮುಖ್ಯವಾಯಿತು. ಬೈಬಲ್‌ನ ಗದಾರ ಇದೇ ಅಂತಾರೆ. ಕಪ್ಪು ಕಲ್ಲಿನ ರೋಮನ್ ಅವಶೇಷಗಳ ತುದಿಯಲ್ಲಿ ನಿಂತರೆ ಕೆಳಗೆ ಯಾರ್ಮೂಕ್ ಕಣಿವೆ, ಆಚೆ ಗೋಲನ್ ಬೆಟ್ಟ, ಎಡಕ್ಕೆ ಗಲಿಲೇಯ ಸರೋವರ. ನಮ್ಮ ಗೈಡ್ ಜೋರ್ಡಾನಿನ ಪ್ರಜೆ, ಆದರೆ ತಂದೆಯ ಊರು ಈಗ ಇಸ್ರೇಲಿನಲ್ಲಿರುವ ಜಾಫಾ, 1948ರಲ್ಲಿ ಬಿಟ್ಟು ಬಂದ ಕುಟುಂಬ. ಈ ದೇಶದಲ್ಲಿ ನೋಂದಾಯಿತ ಪ್ಯಾಲೆಸ್ಟೀನ್ ನಿರಾಶ್ರಿತರೇ 20 ಲಕ್ಷಕ್ಕೂ ಜಾಸ್ತಿ ಇದ್ದಾರೆ.

ಯಾರ್ಮೂಕ್ ಹೋಗಿ ಜೋರ್ಡಾನ್ ನದಿಗೆ ಸೇರುವ ಜಾಗದ ಹೆಸರು ಬಾಕುರಾ. 1994ರ ಒಪ್ಪಂದದಲ್ಲಿ ಆ ನೆಲ ಜೋರ್ಡಾನಿಗೆ ಸೇರಿದ್ದು ಅಂತ ತೀರ್ಮಾನವಾಯಿತು, ಆದರೆ ಇಸ್ರೇಲಿ ರೈತರು 25 ವರ್ಷ ಉಳುಮೆ ಮಾಡಬಹುದು ಅಂತಲೂ ಬರೆದುಕೊಂಡರು. ಶಾಂತಿಯ ದ್ವೀಪ ಅಂತ ಅದಕ್ಕೆ ಹೆಸರು. 1997ರ ಮಾರ್ಚ್ 13ರಂದು ಅಲ್ಲಿಗೆ ಪ್ರವಾಸ ಬಂದಿದ್ದ ಇಸ್ರೇಲಿ ಶಾಲೆಯ ಹುಡುಗಿಯರ ಮೇಲೆ ಒಬ್ಬ ಜೋರ್ಡಾನ್ ಸೈನಿಕ ಗುಂಡು ಹಾರಿಸಿ 7 ಮಕ್ಕಳನ್ನು ಕೊಂದ. ಕೆಲವೇ ದಿನಗಳಲ್ಲಿ ರಾಜ ಹುಸೇನ್ ಆ ಮಕ್ಕಳ ಮನೆಗಳಿಗೆ ಹೋಗಿ ತಂದೆತಾಯಂದಿರ ಮುಂದೆ ಮಂಡಿಯೂರಿ ಕೂತರು. ಒಬ್ಬ ಅರಬ್ ರಾಜ ಹಾಗೆ ಮಾಡಿದ್ದು ಸಣ್ಣ ಮಾತಲ್ಲ, ಇಸ್ರೇಲಿನಲ್ಲಿ ಅದನ್ನು ಈಗಲೂ ನೆನೆಯುತ್ತಾರೆ. ನಾನು ಗೈಡನ್ನು ಆ ಬಗ್ಗೆ ಕೇಳಿದೆ. "ನಮ್ಮ ರಾಜ ಮಾಡಿದ್ದು ಸರಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ನಮ್ಮ ತಾಯಂದಿರ ಮುಂದೆ ಯಾರು ಮಂಡಿಯೂರಿದರು?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. 25 ವರ್ಷ ಮುಗಿದ ಮೇಲೆ ಹುಸೇನರ ಮಗ ರಾಜ ಅಬ್ದುಲ್ಲಾ ಆ ಗುತ್ತಿಗೆ ಮುಂದುವರಿಸಲಿಲ್ಲ. 2019ರ ನವೆಂಬರ್‌ನಲ್ಲಿ ಇಸ್ರೇಲಿ ರೈತರು ಹೊರಗೆ ಬಂದರು.

ಯೇಸುವಿಗೆ ದೀಕ್ಷಾಸ್ನಾನ ಆದ ಜಾಗ ಅಲ್-ಮಗ್ತಾಸ್. ಅಲ್ಲಿ ಜೋರ್ಡಾನ್ ನದಿ ನೋಡಿ ನಮ್ಮ ಗುಂಪೇ ಸುಮ್ಮನಾಯಿತು. ಅಡಿಕೆ ತೋಟದ ಪಕ್ಕದ ತೋಡಿನಷ್ಟು ಅಗಲ, ಕೆಸರು ಬಣ್ಣದ ನೀರು, ಅಷ್ಟೇ. ಮೇಲಿನ ನೀರನ್ನೆಲ್ಲ ಇಸ್ರೇಲ್, ಸಿರಿಯಾ, ಜೋರ್ಡಾನ್ ತಿರುಗಿಸಿಕೊಂಡಿವೆ. ಆಚೆ ದಡದಲ್ಲಿ ಬಿಳಿ ನಿಲುವಂಗಿ ತೊಟ್ಟ ಯಾತ್ರಿಗಳು ನೀರಿಗಿಳಿದು ಹಾಡುತ್ತಿದ್ದರು. ಮೆಲ್ಲಗೆ ಮಾತಾಡಿದರೂ ಕೇಳುವಷ್ಟು ಹತ್ತಿರ. ಆದರೆ ಅಲ್ಲಿ ಇಸ್ರೇಲಿನ ಬಾವುಟ, ಇಲ್ಲಿ ಜೋರ್ಡಾನಿನ ಸೈನಿಕ. ಆ ದಡ ಇಸ್ರೇಲ್ ಹಿಡಿದಿಟ್ಟುಕೊಂಡಿರುವ ಪ್ಯಾಲೆಸ್ಟೀನಿಯನ್ನರ ನೆಲವಾದ ವೆಸ್ಟ್ ಬ್ಯಾಂಕ್‌ಗೆ ಸೇರಿದ್ದು, 1967ರ ಯುದ್ಧದ ನಂತರ ಅಲ್ಲಿ ನೆಲಬಾಂಬ್ ಹೂತು ಚರ್ಚ್‌ಗಳನ್ನೆಲ್ಲ ದಶಕಗಳ ಕಾಲ ಮುಚ್ಚಿಟ್ಟಿದ್ದರು.

ಮರುದಿನ ಸೇತುವೆ. ಜೋರ್ಡಾನಿನವರಿಗೆ ಅದು ಕಿಂಗ್ ಹುಸೇನ್ ಸೇತುವೆ, ಇಸ್ರೇಲಿನವರಿಗೆ ಅಲೆನ್‌ಬಿ. ವಿದೇಶಿಯರಿಗೆ ಬೇರೆ ಹಾಲ್, ಬೇರೆ ಬಸ್ಸು. ಇಸ್ರೇಲಿ ಕೌಂಟರ್‌ನಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತದೆ ಒಂದು ಪುಟ್ಟ ಚೀಟಿ ಕೊಟ್ಟರು, ಮುಗಿಯಿತು. ಬ್ಯಾಗ್ ಬರುವ ಜಾಗದಲ್ಲಿ ವೆಸ್ಟ್ ಬ್ಯಾಂಕಿನ ನಾಬ್ಲುಸ್‌ನ ಒಬ್ಬ ಅಜ್ಜಿ ಸಿಕ್ಕರು. ಅಮ್ಮಾನಿನಲ್ಲಿ ಮಗಳ ಬಾಣಂತನ ಮುಗಿಸಿ ವಾಪಸ್ ಹೊರಟಿದ್ದರು, ಕೈಯಲ್ಲಿ ಹಗ್ಗ ಸುತ್ತಿದ ಗಂಟು. ಅವರ ಜೊತೆಗಿದ್ದ ಹುಡುಗ ಇಂಗ್ಲಿಷ್‌ನಲ್ಲಿ ವಿವರಿಸಿದ. ನಸುಕಿಗೆ ಮನೆ ಬಿಟ್ಟಿದ್ದಾರೆ, ಟ್ಯಾಕ್ಸಿ, ಜೋರ್ಡಾನ್ ಬಸ್ಸು, ಇಸ್ರೇಲಿನ ತಪಾಸಣೆ, ಆಮೇಲೆ ಜೆರಿಕೋವರೆಗೆ ಇನ್ನೊಂದು ಬಸ್ಸು, ಅಲ್ಲಿ ಪ್ಯಾಲೆಸ್ಟೀನ್ ಪೊಲೀಸರ ಕೌಂಟರ್, ಅಲ್ಲಿಂದ ಶೇರ್ ಟ್ಯಾಕ್ಸಿ, ಎಲ್ಲ ಸೇರಿ ಸುಮಾರು ನೂರು ಕಿಲೋಮೀಟರ್ ದಾರಿಗೆ ಒಂದು ಇಡೀ ದಿನ, ಅದೂ ಉಪವಾಸದಲ್ಲಿ. ವೆಸ್ಟ್ ಬ್ಯಾಂಕಿನ ಹೆಚ್ಚಿನವರಿಗೆ ಟೆಲ್ ಅವೀವ್ ವಿಮಾನ ನಿಲ್ದಾಣ ಬಳಸಲು ಅವಕಾಶವಿಲ್ಲ. ಪರದೇಶಕ್ಕೆ ಹೋಗಬೇಕಾದರೆ ಇದೇ ಸೇತುವೆ. ಮಂಗಳೂರಿನಿಂದ ಬಂದ ನಾನು ಅವರಿಗಿಂತ ಬೇಗ ದಾಟಿ ಹೋದೆ, ಅವರ ನೆಲಕ್ಕೆ. ಇದನ್ನು ಅನ್ಯಾಯ ಅನ್ನದೆ ಇನ್ನೇನು ಅನ್ನಬೇಕು?

ನಾಬ್ಲುಸ್‌ಗೆ ಹೋಗುವ ಆ ರಸ್ತೆಯಲ್ಲೇ ಹುವಾರಾ ಅನ್ನುವ ಊರಿದೆ. ಫೆಬ್ರವರಿ 26ರಂದು ಜೋರ್ಡಾನ್ ಅಕಾಬಾದಲ್ಲಿ ಇಸ್ರೇಲಿ ಮತ್ತು ಪ್ಯಾಲೆಸ್ಟೀನ್ ಅಧಿಕಾರಿಗಳನ್ನು ಒಂದೇ ಮೇಜಿಗೆ ಕೂರಿಸಿತ್ತು, ಅಮೆರಿಕ ಮತ್ತು ಈಜಿಪ್ಟ್ ಜೊತೆಗಿದ್ದವು. ಅದೇ ದಿನ ಹುವಾರಾದಲ್ಲಿ ಇಬ್ಬರು ಇಸ್ರೇಲಿ ಸಹೋದರರನ್ನು ಗುಂಡಿಕ್ಕಿ ಕೊಂದರು. ರಾತ್ರಿ ವೆಸ್ಟ್ ಬ್ಯಾಂಕಿನಲ್ಲಿ ಮನೆ ಕಟ್ಟಿಕೊಂಡಿರುವ ಇಸ್ರೇಲಿ ಸೆಟ್ಲರ್‌ಗಳು ನುಗ್ಗಿ ಮನೆ, ಕಾರುಗಳಿಗೆ ಬೆಂಕಿ ಹಚ್ಚಿದರು, ಒಬ್ಬ ಪ್ಯಾಲೆಸ್ಟೀನಿಯನ್ ಸತ್ತ. ಅಕಾಬಾದಲ್ಲಿ ಏನು ಒಪ್ಪಿಕೊಂಡರು ಅಂತ ಅಜ್ಜಿಯ ಜೊತೆಗಿದ್ದ ಹುಡುಗನಿಗೆ ನೆನಪಿರಲಿಲ್ಲ. ಹುವಾರಾದಲ್ಲಿ ಸುಟ್ಟ ಅಂಗಡಿಗಳು ಯಾವುವು ಅಂತ ಗೊತ್ತಿತ್ತು.

ಜೆರುಸಲೇಮಿನ ಬಗ್ಗೆ ಹೇಳಹೋದರೆ ಮುಗಿಯುವುದಿಲ್ಲ. ಅಲ್-ಅಕ್ಸಾ ಆವರಣದ ಬಾಗಿಲ ಹೊರಗೆ ಇಸ್ರೇಲಿ ಪೊಲೀಸರು, ಒಳಗೆ ವಕ್ಫ್ ಕಾವಲುಗಾರರು. ಆ ಕಾವಲುಗಾರರಿಗೆ ಸಂಬಳ ಬರುವುದು ಜೋರ್ಡಾನಿನಿಂದ, ಆ ಪವಿತ್ರ ಸ್ಥಳಗಳಲ್ಲಿ ಜೋರ್ಡಾನಿನ ವಿಶೇಷ ಪಾತ್ರವನ್ನು 1994ರ ಒಪ್ಪಂದವೇ ಗೌರವಿಸುತ್ತದೆ. ಅಲ್ಲಿನ ಚರ್ಚ್‌ನಲ್ಲಿ ನಮ್ಮ ಕೊಂಕಣಿ ಕೇಳಿ ಓಡಿಬಂದ ಒಬ್ಬ ಕೇರ್‌ಗಿವರ್ ಹೇಳಿದ್ದು ಇನ್ನೂ ನೆನಪಿದೆ. ಅವರು ನೋಡಿಕೊಳ್ಳುವ ಯಹೂದಿ ಅಜ್ಜಿ ಹುಟ್ಟಿದ್ದು ಬಾಗ್ದಾದಿನಲ್ಲಿ. 1950-51ರಲ್ಲಿ ಇರಾಕಿನ ಲಕ್ಷಕ್ಕೂ ಮಿಕ್ಕಿ ಯಹೂದಿಗಳು ಊರು ಬಿಟ್ಟು ಬಂದರಲ್ವಾ, ಆಗ ಬಂದವರು. ಈಗಲೂ ನಿದ್ದೆಯಲ್ಲಿ ಕನವರಿಸುವುದು ಅರಬಿಯಲ್ಲೇ ಅಂತೆ.

ತಾಬಾ ಗಡಿಯಲ್ಲಿ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. 1967ರಲ್ಲಿ ಹಿಡಿದಿದ್ದ ಸಿನಾಯನ್ನು 1982ರಲ್ಲಿ ಇಸ್ರೇಲ್ ಪೂರ್ತಿ ಬಿಟ್ಟುಕೊಟ್ಟರೂ ಸಮುದ್ರದಂಚಿನ ಈ ತುಂಡು ಜಾಗ ಬಿಡಲಿಲ್ಲ. ಇಲ್ಲೊಂದು ದೊಡ್ಡ ಹೋಟೆಲ್ ಬೇರೆ ಕಟ್ಟಿದ್ದರು. 1906ರಲ್ಲಿ ಗುರುತಿಸಿದ ಗಡಿಯ ಕಂಬಗಳು ಎಲ್ಲಿದ್ದವು ಅನ್ನುವುದೇ ಜಗಳ. ಯುದ್ಧ ಮಾಡಲಿಲ್ಲ, ಜಿನೀವಾದಲ್ಲಿ ಪಂಚಾಯ್ತಿಗೆ ಕೂತರು. ಹಳೇ ನಕ್ಷೆ, ಹಳೇ ಫೋಟೋ ಎಲ್ಲ ಹರವಿ 1988ರಲ್ಲಿ ತೀರ್ಪು ಬಂತು. ಮುಖ್ಯವಾದ 91ನೇ ಕಂಬದ ವಿಷಯದಲ್ಲಿ ಈಜಿಪ್ಟ್ ಗೆದ್ದಿತು, 1989ರ ಮಾರ್ಚ್ 19ರಂದು ಇಲ್ಲಿ ಅದರ ಬಾವುಟ ಏರಿತು. ನಾವು ದಾಟುವಾಗ ಇಸ್ರೇಲಿ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸಿನಾಯ್ ಬೀಚ್‌ಗೆ ಹೊರಟಿದ್ದರು. 14 ದಿನದವರೆಗೆ ಸಿನಾಯ್‌ನಲ್ಲಿ ಇರಲು ಅವರಿಗೆ ವೀಸಾ ಬೇಡ. ಕೈರೋಗೆ ಹೋಗುವವರು ಆ ಸಾಲಿನಲ್ಲಿ ನನಗೆ ಒಬ್ಬರೂ ಸಿಗಲಿಲ್ಲ. ಕೈರೋದಲ್ಲಿ, 1979ರ ಒಪ್ಪಂದಕ್ಕೆ ಸಹಿ ಹಾಕಿದ ಈಜಿಪ್ಟ್ ಅಧ್ಯಕ್ಷ ಸಾದತ್ ಸಮಾಧಿ ನೋಡಿದೆ. 1981ರಲ್ಲಿ ಅವರನ್ನು ಕೊಂದ ಪರೇಡ್ ಮೈದಾನದ ಎದುರಿಗೇ ಇದೆ.

ನಾವು ಬಂದು ಆರೇಳು ತಿಂಗಳಿಗೆ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆಯಿತು, ನಂತರ ಗಾಜಾ ಯುದ್ಧ. ಜೋರ್ಡಾನ್ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು, ಸೌರ ವಿದ್ಯುತ್ ಕೊಟ್ಟು ನೀರು ಪಡೆಯುವ ಹೊಸ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಆದರೂ ಎರಡು ಹಳೇ ಒಪ್ಪಂದಗಳು ಮುರಿದುಬೀಳಲಿಲ್ಲ. ಅವು ಉಳಿದಿದ್ದು ಒಳ್ಳೆಯದೇ, ಇಲ್ಲದಿದ್ದರೆ ಇನ್ನೂ ಎಷ್ಟು ಹೆಣ ಬೀಳುತ್ತಿದ್ದವೋ. ಆದರೆ ಅವುಗಳನ್ನು ಬರೆದದ್ದು ಸರ್ಕಾರಗಳು, ತಮ್ಮ ಗಡಿ, ನೀರು, ಭದ್ರತೆ ನೋಡಿಕೊಂಡು. ಪ್ಯಾಲೆಸ್ಟೀನಿಯನ್ನರ ವಿಷಯ ಮುಂದಿನ ಮಾತುಕತೆಗೆ ಅಂತ ಬಿಟ್ಟರು, ಅದು ಬಿಟ್ಟಲ್ಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಒಬ್ಬ ಜೋರ್ಡಾನ್ ಲಾರಿ ಚಾಲಕ ಅದೇ ಸೇತುವೆಯ ಬಳಿ ಮೂವರು ಇಸ್ರೇಲಿಗಳನ್ನು ಗುಂಡಿಟ್ಟು ಕೊಂದ. ಗೇಟು ಮುಚ್ಚಿದರು. ಆಮೇಲೆ ತೆರೆದರು, 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದಾಳಿ, ಮತ್ತೆ ಮುಚ್ಚಿದರು. ಯಾತ್ರಿಗಳು ಬೇರೆ ದಾರಿ ಹಿಡಿಯಬಹುದು. ಮಗಳನ್ನು ನೋಡಲು ಹೋಗಬೇಕಾದ ನಾಬ್ಲುಸ್‌ನ ಅಜ್ಜಿ ಆ ದಿನಗಳಲ್ಲಿ ಗೇಟು ತೆಗೆಯುವವರೆಗೂ ಕಾಯಲೇಬೇಕು.