ದೊಡ್ಡಮ್ಮನ ನೀಲಿ ಕಾಗದಗಳು

ದಾವಣಗೆರೆ, 2 ಜೂನ್ 2024, ಭಾನುವಾರ

ಮಳೆಗಾಲಕ್ಕೆ ಮುಂಚೆ ಅಟ್ಟವನ್ನು ಸ್ವಚ್ಛಗೊಳಿಸೋಣವೆಂದು ಏಣಿ ಹತ್ತಿದವಳಿಗೆ, ಅಜ್ಜಿಯ ಟ್ರಂಕಿನ ಹಿಂದೆ, ಕೊಕ್ಕೆಯ ತಂತಿಗೆ ಚುಚ್ಚಿಟ್ಟಿದ್ದ ದೊಡ್ಡಮ್ಮನ ಕಾಗದಗಳು ಸಿಕ್ಕವು. 1979ರಲ್ಲಿ ಮದುವೆಯಾಗಿ ಪುಣೆಗೆ ಹೋದ ಅವರು ಹತ್ತಾರು ವರ್ಷ ತಮ್ಮ ಅವ್ವನಿಗೂ ತಂಗಿಗೂ, ಎಂದರೆ ನನ್ನ ಅಮ್ಮನಿಗೂ, ಒಂದೇ ಇನ್‌ಲ್ಯಾಂಡ್ ಪತ್ರದಲ್ಲಿ ಬರೆಯುತ್ತಿದ್ದರು. ನಮ್ಮ ಊರು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಎಲ್ಲ ವಿಳಾಸಗಳಲ್ಲೂ ದಾವಣಗೆರೆಯ ಕೆಳಗೆ ಚಿತ್ರದುರ್ಗ ಜಿಲ್ಲೆ ಎಂದೇ ಇದೆ.

ಮಧ್ಯಾಹ್ನವೆಲ್ಲ ಅಮ್ಮ ಓದಿದರು, ನಾನು ಕೇಳಿದೆ. "ಮಾತೃಶ್ರೀಯವರಿಗೆ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ" ಎಂದು ಗಂಭೀರವಾಗಿ ಆರಂಭವಾಗುವ ಕಾಗದ, ನಾಲ್ಕನೆಯ ಸಾಲಿಗೆಲ್ಲ ಒಲೆಯ ಮುಂದೆ ಕೂತು ಆಡುವ ಮಾತಾಗಿಬಿಡುತ್ತದೆ: ಇಲ್ಲಿಯ ಚುರುಮುರಿಗೆ ನಮ್ಮೂರ ಮಂಡಕ್ಕಿಯ ರುಚಿಯಿಲ್ಲ, ದುಗ್ಗಮ್ಮನ ಜಾತ್ರೆಗೆ ಈ ಸಲವಾದರೂ ಕಳಿಸುತ್ತಾರೋ ಇಲ್ಲವೋ, ಅವ್ವನ ಮಂಡಿನೋವು ಹೇಗಿದೆ. ಒಳಗೆ ಏನನ್ನೂ ಇಡಬಾರದೆಂದು ಪತ್ರದ ಮೇಲೆಯೇ ಮುದ್ರಿಸಿದ್ದರೂ, ಒಂದರಲ್ಲಿ ಬೆರಳುದ್ದದ ರೇಷ್ಮೆ ಎಳೆಯನ್ನು ಅಂಟಿಸಿ, "ನಿನಗೆ ತೆಗೆದ ಸೀರೆಯ ಬಣ್ಣ ಇದು" ಎಂದು ತಂಗಿಗೆ ಬರೆದಿದ್ದಾರೆ. ಕಾಗದ ಮಾಸಿದೆ, ಆ ಗಿಳಿಹಸಿರು ಮಾಸಿಲ್ಲ.

ತಂಗಿಗೆ ಮೀಸಲಾದದ್ದು ಒಳಕ್ಕೆ ಮಡಚುವ ಅಂಚು. ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅವ್ವನಿಗೆ ತಿಳಿಯಬಾರದ ಸಂಗತಿಗಳಿವೆ. 1980ರ ಒಂದು ಕಾಗದದಲ್ಲಿ ಹೀಗಿದೆ: "ಎಂಟು ದಿನದಿಂದ ಜ್ವರ ಬಿಟ್ಟಿಲ್ಲ, ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ, ಇದನ್ನು ಅವ್ವನಿಗೆ ಓದಬೇಡ." ತಂತಿ ಚುಚ್ಚಿದ ತೂತು ಸರಿಯಾಗಿ ಆ ಕೊನೆಯ ಪದದ ಮೇಲೆಯೇ ಬಿದ್ದಿದೆ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆಗ ಹದಿನಾರರ ಹುಡುಗಿಯಾಗಿದ್ದ ಅಮ್ಮ ಮೇಲಿನದ್ದನ್ನಷ್ಟೇ ಓದಿ ಮಡಚಲು ಹೋದಾಗ, ಅಜ್ಜಿ ಕಾಗದವನ್ನು ತಮ್ಮ ಕೈಗೆ ತೆಗೆದುಕೊಂಡು, ಅಂಚಿನ ಮೇಲೆ ಬೆರಳಾಡಿಸಿ ಕೇಳಿದರಂತೆ: "ಇದು ನಿನಗೆ ಬರ್ದಿದ್ದು, ಓದಬ್ಯಾಡ ಬಿಡು. ಎದ್ದು ಓಡಾಡ್ತಾಳೇನು, ಅಷ್ಟು ಹೇಳು." ಅಮ್ಮ ಹೂಂ ಎಂದರಂತೆ. ಮರುದಿನವೇ ಅಜ್ಜಿ ಅಂಟಿನುಂಡೆ ಕಟ್ಟಿ, ಪುಣೆಯ ಕಡೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಕಳಿಸಿದರು. ಬಾಣಂತಿಗೆ ಕೊಡುವ ಉಂಡೆ ಅದು. ಯಾರೂ ಏನೂ ಹೇಳಿರಲಿಲ್ಲ.

ಸಂಜೆ ಅಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ ಆ ಅಂಚಿನ ಸಾಲುಗಳನ್ನು ಓದಿ ಹೇಳಿದರು. ಬಹಳ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ. ಆಮೇಲೆ ದೊಡ್ಡಮ್ಮ, "ಅವ್ವನಿಗೆ ಓದಿರಲಿಲ್ಲ ಹೌದಲ್ಲೇ?" ಎಂದರು.

"ಇಲ್ಲಕ್ಕ, ಓದಿರಲಿಲ್ಲ" ಎಂದರು ಅಮ್ಮ.

ಕಾಗದಗಳನ್ನು ತಂತಿಯಿಂದ ಬಿಡಿಸಿ, ನಡುನಡುವೆ ಒಣಗಿದ ಬೇವಿನೆಲೆಯಿಟ್ಟು ಸ್ಟೀಲ್ ಡಬ್ಬಿಗೆ ಹಾಕಿದ್ದೇನೆ. ಮುಂದಿನ ತಿಂಗಳು ದೊಡ್ಡಮ್ಮ ಬರುತ್ತಾರೆ.