ಗುಳೆ ಬಂದವರಿಗೆ ಯಾವ ಊರಿನ ಆಸ್ಪತ್ರೆ?

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಬರುವವರನ್ನು ನಾವೆಲ್ಲ ವಲಸೆ ಕಾರ್ಮಿಕರೆಂದೇ ಕರೆಯುತ್ತೇವೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅವರು ವಲಸಿಗರಲ್ಲ. ಗುತ್ತಿಗೆದಾರನು ಕಾರ್ಮಿಕರಿಗೆ ಉಚಿತ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು ವಿಧಿಸಿದ್ದ 1979ರ ಕಾಯ್ದೆ ಅನ್ವಯಿಸುತ್ತಿದ್ದುದು ರಾಜ್ಯದ ಗಡಿ ದಾಟಿ ಬಂದವರಿಗಷ್ಟೇ. ಅದರ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಆ ಗಡಿಗೆರೆಯನ್ನು ಅಳಿಸಲಿಲ್ಲ. ಹೊಸೂರಿನಿಂದ 40 ಕಿಲೋಮೀಟರ್ ಬಂದವನು ವಲಸಿಗ, ರಾಯಚೂರಿನಿಂದ 400 ಕಿಲೋಮೀಟರ್ ಬಂದವನು ಅಲ್ಲ.

ಈ ವಿಷಯ ಎತ್ತಿದಾಗಲೆಲ್ಲ ‘ಆಯುಷ್ಮಾನ್ ಕಾರ್ಡ್ ಇದೆಯಲ್ಲ’ ಎಂಬ ಉತ್ತರ ಬರುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಕೊಡುತ್ತದೆ, ಬೇರೆ ರಾಜ್ಯದಲ್ಲಿಯೂ ಅದನ್ನು ಬಳಸಬಹುದು. ಇದು ಸಣ್ಣ ಮಾತೇನಲ್ಲ. ಆದರೆ ಒಡಿಶಾ 2025ರವರೆಗೆ ಈ ಯೋಜನೆಗೆ ಸೇರಿರಲಿಲ್ಲ, ಪಶ್ಚಿಮ ಬಂಗಾಳ 2019ರ ಆರಂಭದಲ್ಲೇ ಹೊರನಡೆದಿತ್ತು. ನಮ್ಮ ನಗರದ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಈ ಎರಡೂ ರಾಜ್ಯದವರು ಸಾಕಷ್ಟು ಮಂದಿ ಇದ್ದಾರೆ. ಅದಕ್ಕಿಂತ ಮುಖ್ಯವಾದುದೆಂದರೆ, ಇದು ಆಸ್ಪತ್ರೆಗೆ ದಾಖಲಾದವರಿಗೆ ಇರುವ ಯೋಜನೆ. ಶೆಡ್ಡಿನಲ್ಲಿ ಮಗುವಿಗೆ ಬರುವ ಜ್ವರಕ್ಕೆ, ಮೇಸ್ತ್ರಿಯ ಸಕ್ಕರೆ ಕಾಯಿಲೆಯ ಮಾತ್ರೆಗೆ, ಬಸುರಿಯ ತಿಂಗಳ ತಪಾಸಣೆಗೆ ಅದರಿಂದ ಪ್ರಯೋಜನವಿಲ್ಲ.

ಬಸುರಿಯರ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಬಡಾವಣೆಯ ಹಿಂದಿನ ಖಾಲಿ ನಿವೇಶನದಲ್ಲಿ ತಗಡಿನ ಶೆಡ್ಡುಗಳಿವೆ. ಅಲ್ಲಿ ದೇವದುರ್ಗ ತಾಲ್ಲೂಕಿನಿಂದ ಬಂದ, ಏಳು ತಿಂಗಳು ತುಂಬಿದ್ದ ಹೆಣ್ಣುಮಗಳೊಬ್ಬಳನ್ನು ತಾಯಿ ಕಾರ್ಡ್ ಎಲ್ಲಿ ಎಂದು ಕೇಳಿದಾಗ, ‘ಊರಾಗ ನಮ್ಮತ್ತಿ ಕೈಯಾಗ ಐತ್ರಿ ಅಕ್ಕಾ’ ಎಂದಳು. ಟಿಟಿ ಚುಚ್ಚುಮದ್ದು ಯಾವಾಗ ಆಯಿತು, ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು, ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರು ಎಂಬುದೆಲ್ಲ ಆ ಕಾರ್ಡಿನಲ್ಲಿ ಊರಿನ ಸಿಸ್ಟರ್ ಕೈಬರಹದಲ್ಲಿರುತ್ತದೆ. ಕಾರ್ಡಿಲ್ಲದೆ ಹೋದರೂ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಲೇಬೇಕು, ನಿಯಮವಿರುವುದೂ ಹಾಗೆಯೇ. ಆದರೆ ಕೌಂಟರಿನಲ್ಲಿ ಕೂತವರು ಮೊದಲು ಕೇಳುವುದು ಕಾರ್ಡನ್ನೇ, ಆಮೇಲೆ ಆಧಾರ್, ಆಮೇಲೆ ವಿಳಾಸ. ತಗಡಿನ ಶೆಡ್ಡಿಗೆ ಬಾಗಿಲ ಸಂಖ್ಯೆ ಇರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಮಾವನ ಹೆಸರಿದೆ, ಹೊಸ ಸೊಸೆಯ ಹೆಸರು ಇನ್ನೂ ಸೇರಿಲ್ಲ. ಅರ್ಧ ದಿನದ ಕೂಲಿ ಕಳೆದುಕೊಂಡು ಬಂದವಳು ಇಷ್ಟಾದ ಮೇಲೆ ಇನ್ನೊಮ್ಮೆ ಹೋಗುವುದಿಲ್ಲ. ಭಾನುವಾರ ಬಟವಾಡೆಯಾದ ಮೇಲೆ ಮೂಲೆಯ ಖಾಸಗಿ ಕ್ಲಿನಿಕ್ಕಿಗೆ ಹೋಗಿ ದುಡ್ಡು ಕೊಟ್ಟು ಬರುತ್ತಾಳೆ.

ಇಂಥವರನ್ನು ಹುಡುಕಿಕೊಂಡು ಹೋಗಬೇಕಾದವರು ಆಶಾ ಕಾರ್ಯಕರ್ತೆಯರು. ಅವರಿಗೆ ಹಂಚಿಕೊಟ್ಟಿರುವುದು ಮನೆಗಳ ಪಟ್ಟಿ, ಆರು ತಿಂಗಳಿಗೊಮ್ಮೆ ಎದ್ದುಹೋಗುವ ಶೆಡ್ಡುಗಳದ್ದಲ್ಲ. ಗೌರವಧನಕ್ಕಾಗಿ ವರ್ಷ ವರ್ಷವೂ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾದ ಆ ಹೆಣ್ಣುಮಕ್ಕಳನ್ನೇ ಇದಕ್ಕೂ ದೂರುವುದು ನನಗೆ ಸರಿಯೆನಿಸುವುದಿಲ್ಲ. ಇನ್ನು 2022ರ ಡಿಸೆಂಬರ್‌ನಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಒಳ್ಳೆಯ ಯೋಚನೆಯೇ, ಆದರೆ ಹೆಚ್ಚಿನವು ತೆರೆದಿರುವ ಹೊತ್ತು ಹಾಗೂ ಕೂಲಿಕಾರರು ದುಡಿಯುವ ಹೊತ್ತು ಎರಡೂ ಒಂದೇ.

ರೋಗಿ ಹೋದಲ್ಲಿಗೆ ದಾಖಲೆಯೂ ಹೋಗುವಂತೆ ಮಾಡಲು ನಮ್ಮ ಸರ್ಕಾರಿ ವ್ಯವಸ್ಥೆಗೆ ಬರುವುದೇ ಇಲ್ಲವೆಂದಲ್ಲ. ಕ್ಷಯ ರೋಗದಲ್ಲಿ ಅದು ಸಾಧ್ಯವಾಗಿದೆ. ರೋಗಿಯ ಹೆಸರು ‘ನಿಕ್ಷಯ್’ ತಂತ್ರಾಂಶದಲ್ಲಿ ಒಮ್ಮೆ ದಾಖಲಾದರೆ, ಆತ ಊರು ಬದಲಿಸಿದಾಗ ಹೊಸ ಊರಿನ ಕೇಂದ್ರಕ್ಕೆ ವರ್ಗಾಯಿಸಬಹುದು, ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ ನೇರವಾಗಿ ಅವನ ಬ್ಯಾಂಕ್ ಖಾತೆಗೆ ಸೇರುತ್ತದೆ. ಔಷಧವನ್ನು ನಡುವೆ ಬಿಟ್ಟರೆ ರೋಗ ಉಲ್ಬಣಿಸಿ ಇತರರಿಗೂ ಹರಡುತ್ತದೆಂಬ ಭಯ ಸರ್ಕಾರಕ್ಕಿದೆ. ಬಸುರಿಯ ರಕ್ತಹೀನತೆ ಯಾರಿಗೂ ಹರಡುವುದಿಲ್ಲ, ಆದ್ದರಿಂದಲೇ ಆ ಅವಸರ ಅಲ್ಲಿ ಕಾಣುವುದಿಲ್ಲವೇನೋ.

ಹಣದ ಕೊರತೆಯ ಮಾತನ್ನಂತೂ ನಾನು ಒಪ್ಪಲಾರೆ. 1996ರ ಕಾನೂನಿನಂತೆ ಶುರುವಾಗಿ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಯಡಿ ಮುಂದುವರಿದಿರುವ ವ್ಯವಸ್ಥೆಯಲ್ಲಿ ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅದರ ಸೌಲಭ್ಯ ಬೇಕಿದ್ದರೆ ಕಾರ್ಮಿಕನು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತಂದು ಲೇಬರ್ ಕಾರ್ಡ್ ಮಾಡಿಸಬೇಕು. ಮೂರು ತಿಂಗಳಿಗೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವನಿಗೆ ಯಾರು ಸಹಿ ಹಾಕಿಕೊಡಬೇಕು? ಈ ಸೆಸ್ಸನ್ನು ಪಾಲಿಕೆ ನಕ್ಷೆ ಮಂಜೂರು ಮಾಡುವಾಗಲೇ ಕಟ್ಟಿಸಿಕೊಳ್ಳುತ್ತದೆ. ಅಂದರೆ ಯಾವ ರಸ್ತೆಯಲ್ಲಿ ಎಷ್ಟು ಅಂತಸ್ತಿನ ಕಟ್ಟಡ ಏಳಲಿದೆಯೆಂಬುದು ಕಾರ್ಮಿಕರು ಬರುವ ಮೊದಲೇ ಅಲ್ಲಿನ ಕಡತದಲ್ಲಿರುತ್ತದೆ. ಆ ಪಟ್ಟಿಯನ್ನು ತಿಂಗಳಿಗೊಮ್ಮೆ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಭಾನುವಾರ ಬೆಳಿಗ್ಗೆ ಒಬ್ಬ ಸಿಸ್ಟರ್ ಶೆಡ್ಡುಗಳಿಗೆ ಹೋಗುವಂತೆ ಮಾಡಲು ಹೊಸ ಕಾನೂನೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.