ದ್ರಾಕ್ಷಿ ಸಂಘಕ್ಕ ಪಾಡ್‌ಕಾಸ್ಟ್ ಯಾಕ ಬೇಕು?

ನಮ್ಮ ವಿಜಯಪುರ ಕಡೆ ದ್ರಾಕ್ಷಿ ಬೆಳೆಗಾರರ ಸಂಘ ಅಂದ್ರ ವರ್ಷಕ್ಕೊಮ್ಮೆ ಸಭಾ, ಹಾರ-ತುರಾಯಿ, ಊಟ, ಮುಗೀತು. ಸದಸ್ಯತ್ವ ರಿನ್ಯೂ ಮಾಡ್ರಿ ಅಂತ ಫೋನ್ ಬಂದಾಗ "ಸಂಘದಿಂದ ನಮಗೇನ್ ಸಿಗ್ತೈತ್ರಿ?" ಅಂತ ಮಂದಿ ಕೇಳೋದು ತಪ್ಪಲ್ಲ ಬಿಡ್ರಿ.

ನನಗ ಅನ್ಸೋದು, ಸಂಘದ ಖರೇ ಆಸ್ತಿ ಹಳೇ ಸದಸ್ಯರ ತಲ್ಯಾಗೈತಿ. ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮ್ಯಾಲೆ ನೀರು ಎಷ್ಟು, ಅಕ್ಟೋಬರ್ ಚಾಟ್ನಿ ಮುಗಿದು ಮಳಿ ಹಿಡೀತಂದ್ರ ಡೌನಿ ಅನ್ನೋ ಬೂಜು ರೋಗಕ್ಕ ಏನ್ ಮಾಡಬೇಕು, ಒಣದ್ರಾಕ್ಷಿ ಮಾಡೋವಾಗ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ನೀರಾಗ ಗೊನಿ ಅದ್ದಿ ಶೆಡ್ಡಿನ ಜಾಳಿಗಿ ಮ್ಯಾಲೆ ನೆರಳಾಗ ಹರವಿದ್ರ ಬಣ್ಣ ಯಾಕ ಹಸಿರಾಗೇ ಉಳೀತೈತಿ, ಇದೆಲ್ಲಾ ಈಗ ವಾಟ್ಸಾಪ್ ಗ್ರೂಪಿನ್ಯಾಗ ಬರ್ತೈತಿ, ಮರುದಿನ ಗುಡ್ ಮಾರ್ನಿಂಗ್ ಫೋಟೋದ ಅಡಿಯಾಗ ಮುಚ್ಚಿ ಹೋಗ್ತೈತಿ. ಅದನ್ನ ಸಂಘದ ಒಂದು ಬ್ಲಾಗಿನ್ಯಾಗ ಬರದಿಟ್ರ ಮುಂದಿನ ವರ್ಷ ಗೂಗಲ್‌ನ್ಯಾಗ ಹುಡುಕಿದ್ರೂ ಸಿಗ್ತೈತಿ, ಸದಸ್ಯ ಆಗದವನೂ ಓದ್ತಾನ, ಹಂಗ ಓದ್ತಾ ಓದ್ತಾ ಸಂಘಕ್ಕ ಸೇರಿದ್ರೂ ಸೇರಿದ.

ಪಾಡ್‌ಕಾಸ್ಟ್, ಅಂದ್ರ ಮೊಬೈಲ್‌ನ್ಯಾಗ ಬೇಕಾದಾಗ ಕೇಳೋ ಆಡಿಯೋ ಕಾರ್ಯಕ್ರಮ, ಅಂತೂ ತ್ವಾಟದ ಕೆಲಸಕ್ಕ ಹೇಳಿ ಮಾಡಿಸಿದ್ದು. ಕೈಯಾಗ ಕತ್ರಿ ಇರ್ತೈತಿ, ಓದಾಕ ಆಗಂಗಿಲ್ಲ, ಆದ್ರ ಕಿವಿ ಖಾಲಿ ಇರ್ತಾವಲ್ಲ. 10 ನಿಮಿಷದ ಮಾತು 64 ಕೆಬಿಪಿಎಸ್ ಮೋನೋದಾಗ (ಮಾತಿಗೆ ಸಾಕಾಗೋ ಸಣ್ಣ ಆಡಿಯೋ ಫೈಲ್) ಇಟ್ರ 5 ಎಂಬಿಗಿಂತ ಕಡಿಮಿ. ಸ್ಟುಡಿಯೋ ಬ್ಯಾಡ, ಮೊಬೈಲ್ ಸಾಕು, ಫ್ಯಾನ್ ಬಂದ್ ಮಾಡ್ರಿ ಅಷ್ಟ. ಅಧ್ಯಕ್ಷರ ಭಾಷಣ ಮಾತ್ರ ಹಾಕಬ್ಯಾಡ್ರಿ ದಯವಿಟ್ಟು, ಯಾರೂ ಕೇಳಂಗಿಲ್ಲ. ತಿಕೋಟಾ ಕಡೆ ರೈತರನ್ನ ಮಾತಾಡ್ಸ್ರಿ. ತಿಂಗಳಿಗೊಂದು ಆದ್ರೂ ಸಾಕು, ತಪ್ಪಿಸಬ್ಯಾಡ್ರಿ. ಔಷಧ ಸ್ಪ್ರೇ ವಿಷಯ ಇದ್ರ ಆ ಆಡಿಯೋ ಹಾಕೋ ಮೊದ್ಲು ತೋಟಗಾರಿಕೆ ಗೊತ್ತಿದ್ದವ್ರಿಗೆ ಒಮ್ಮೆ ಕೇಳ್ಸಿ ಹಾಕ್ರಿ.